ಟೊಳ್ಳು ಮೂತಿಯ ಗುಂಡು

ಚಹಾದ ಲೋಟ ಹಿಡಿದಾಗಲೂ ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ಲೋಟವನ್ನು ಸುತ್ತಿದರೆ ಅದೊಂದು ಮಾತ್ರ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. “ಗುರಿ ಖಾತ್ರಿಯಾಗದೆ ಬೆರಳು ಟ್ರಿಗರಿಗೆ ಹೋಗಬಾರ್ದು ಮಾರಾಯ್ರೆ” ಎನ್ನುತ್ತಿದ್ದರು. ಸೈನ್ಯದಿಂದ ನಿವೃತ್ತರಾಗಿ ಈ ಕೊಲ್ಲಿ ದೇಶದ ಶೂಟಿಂಗ್ ಕ್ಲಬ್ಬೊಂದರಲ್ಲಿ ಕಲಿಸುತ್ತಿದ್ದ ಅವರು ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಕಟ್ಟಡಕ್ಕೆಲ್ಲ ಸುಬೇದಾರರು.

ನನ್ನದು ಗ್ಯಾಸ್ ಆರಿಸಿದ್ದೇನೆಯೇ ಎಂದು ಲಿಫ್ಟಿನಿಂದ ವಾಪಸು ಬರುವ ಜೀವ. ಊರಿನ ಜಾಗದ ಗಡಿ ತಕರಾರಿನಲ್ಲಿ, ಇದೇ ನಗರದ ಅಲ್ ರೀಮ್ ಐಲ್ಯಾಂಡಿನಲ್ಲಿರುವ ನನ್ನ ದೊಡ್ಡಪ್ಪನ ಮಗ “ಊರಿಗೆ ಬಂದು ನೋಡು, ಏನಾಗ್ತದೆ ಅಂತ” ಎಂದು ಫೋನಿಟ್ಟ ಮೇಲೆ ನಿದ್ದೆಯೂ ಹೋಯಿತು. ಊರು ಸೇರಿದ ಮೇಲೆ ಲೈಸೆನ್ಸ್ ಪಡೆದು ರಿವಾಲ್ವರ್ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿ, ಯಾವ ಗುಂಡು ಒಳ್ಳೆಯದೆಂದು ಸುಬೇದಾರರನ್ನು ಕೇಳಿದೆ.

ಅವರು ನಗಲಿಲ್ಲ. ಶನಿವಾರಗಳಂದು ನಮ್ಮ ಮನೆಯ ನೀರುದೋಸೆ ತಿನ್ನುತ್ತ ಪಾಠ ಮಾಡಿದರು. ಲೋಹದ ಕವಚದ ಗುಂಡು ಮೈ ತೂರಿ ಹಿಂದಿನ ಗೋಡೆಯನ್ನೂ ದಾಟಬಹುದು. ಮೂತಿ ಟೊಳ್ಳಾದದ್ದು ತಾಗಿದೊಡನೆ ಅರಳಿ ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ. ಆತ್ಮರಕ್ಷಣೆಗೆ ಅದೇ ಸರಿ.

“ಎದುರಿಗಿರುವವನನ್ನು ಎಲ್ಲರೂ ನೋಡ್ತಾರೆ. ಅವನ ಹಿಂದೆ ಯಾರಿದ್ದಾರೆ, ಅದು ನೋಡ್ಬೇಕು.”

“ಹಾಗಾದ್ರೆ ಟೊಳ್ಳಿನದ್ದೇ ತಗೊಳ್ತೇನೆ.”

“ನಮ್ಮ ದೇಶದಲ್ಲಿ ನಿಮ್ಮಂಥವರಿಗೆ ಅದು ಸಿಗುವುದಿಲ್ಲ. ಮುಂದೆ ಬರ್ತದಂತೆ. ಅಲ್ಲಿವರೆಗೆ ಅರ್ಜಿ ಹಾಕ್ಬೇಡಿ. ಬೇರೆಯದು ಹೊಡೆದ್ರೆ ಆಚೆ ಕೋಣೆಯಲ್ಲಿ ನಿಮ್ಮ ಹೆಂಡತಿಯೇ ಖಲಾಸ್.”

ಅಡುಗೆಮನೆಯಿಂದ ಹೆಂಡತಿ, “ಇವರು ಗುರಿ ಇಡೋದಾದ್ರೆ ನಾನು ಎದುರಿಗೇ ನಿಲ್ತೇನೆ. ಅದೇ ಸೇಫ್” ಎಂದಳು.

ನಾನು ವರ್ಷಗಟ್ಟಲೆ ಕಾದೆ. ಊರಲ್ಲಿ ದೊಡ್ಡಪ್ಪ ತೀರಿಕೊಂಡಾಗ, ಅಲ್ಲಿ ಅವರ ಮಗ ಇರುತ್ತಾನೆಂದು ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡಿದೆ. ನನ್ನನ್ನು ಎತ್ತಿ ಆಡಿಸಿದ ದೊಡ್ಡಪ್ಪ. ಆಗ ಸುಬೇದಾರರು ನನ್ನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

ಹೋದ ವರ್ಷ ಅವರ ಹೃದಯ ನಿಂತಿತು. ಊರಿಗೆ ಕಳಿಸುವ ಮೊದಲು ಕೊನೆಯ ಸಲ ನೋಡಲೆಂದು ಹೋದರೆ, ಶವಾಗಾರದ ಬಾಗಿಲಲ್ಲಿ ದೊಡ್ಡಪ್ಪನ ಮಗ ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

“ನಿನಗೆ ಇವರು ಹೇಗೆ ಗೊತ್ತು?”

“ಭಾನುವಾರ ಭಾನುವಾರ ನಮ್ಮಲ್ಲಿಗೆ ಬರ್ತಿದ್ರು. ನಿನ್ನ ಹೆದರಿಕೆಗೆ ರಿವಾಲ್ವರ್ ತಗೊಳ್ಳುವಾಂತ ಇದ್ದೆ. ಟೊಳ್ಳು ಮೂತಿಯ ಗುಂಡು ಬರುವವರೆಗೆ ಬೇಡ ಅಂದ್ರು.”

ಈ ಜನ್ಮದಲ್ಲಿ ನನಗೆ ಹೆದರಿದ ಮೊದಲ ಮನುಷ್ಯ. ಸುಬೇದಾರರಿಗೆ ಅದು ಗೊತ್ತಿತ್ತು. ಅಲ್ಲೂ ಉಂಡು ಇಲ್ಲೂ ತಿಂದು, ‘ಅವನಿಗೂ ನಿಮ್ಮದೇ ಹೆದರಿಕೆ’ ಎಂಬ ಒಂದು ಮಾತನ್ನು ಮಾತ್ರ ನುಂಗಿಕೊಂಡರು. ಇಬ್ಬರ ಕೈಗೂ ಆಯುಧ ಬಾರದಂತೆ ನೋಡಿಕೊಂಡ ಪುಣ್ಯಾತ್ಮ ಎನ್ನುತ್ತಾಳೆ ಹೆಂಡತಿ. ಇರಬಹುದು, ಆ ಋಣ ನನ್ನ ಮೇಲಿದೆ. ಆದರೆ ಟಿಕೆಟ್ ಕ್ಯಾನ್ಸಲ್ ಮಾಡುವಾಗ ಅವರು ಚಹಾ ಮುಗಿಸಿ ಸುಮ್ಮನೆ ಎದ್ದುಹೋದದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅಂದು ಶವಾಗಾರದ ಹೊರಗಿನ ಕೆಫೆಟೇರಿಯಾದಲ್ಲಿ ನಾವಿಬ್ಬರೂ ಎದುರುಬದುರು ಕೂತೆವು. ಲೋಟ ಹಿಡಿದ ಅವನ ತೋರುಬೆರಳು ನೆಟ್ಟಗೆ ನನ್ನತ್ತ ಚಾಚಿತ್ತು. ನನ್ನದು ಅವನತ್ತ.

ನಾನು ಮೊದಲು ಮಡಚಿದೆ.