ಗಿರಿಜೆ ಕದಿಯದ ಸೀರೆ

ಆ ಸೀರೆಯನ್ನು ಗಿರಿಜೆ ಕದ್ದಿರಲಿಲ್ಲ. ಸುಟ್ಟವಳು ನಾನು. ಇಷ್ಟು ವರ್ಷ ಇದನ್ನು ಗಂಡನಿಗೂ ಹೇಳದೆ ನುಂಗಿಕೊಂಡಿದ್ದೆ — ಇನ್ನು ಆಗುವುದಿಲ್ಲ.

ಹೊಸನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಗಿರಿಜೆ ಮೇಗರವಳ್ಳಿ ಕಡೆಯವಳು. ದಿನವೂ ಹೊಡೆಯುತ್ತಿದ್ದ ಗಂಡನನ್ನು ಕೊಂದು ಜೈಲಿಗೆ ಹೋದವಳು. ಒಳಗೆ ಹೊಲಿಗೆ ಕಲಿತಳು. ಸನ್ನಡತೆ ನೋಡಿ ಅವಧಿಗೆ ಮುಂಚೆಯೇ ಬಿಟ್ಟರು. ಅಣ್ಣಂದಿರು ಮನೆಗೆ ಸೇರಿಸಲಿಲ್ಲ. ಬಿಡುಗಡೆಯಾದವರಿಗೆ ಬದುಕು ಕಟ್ಟಿಕೊಡುವ ಸರ್ಕಾರದ ಯೋಜನೆಯೊಂದಿತ್ತು. ಇಲಾಖೆಯವರು ಅವಳಿಗೊಂದು ಹೊಲಿಗೆ ಯಂತ್ರ ಕೊಟ್ಟು ನನ್ನ ಅಂಗಡಿಗೆ ಸೇರಿಸಿದರು. ಸಾಗರದಲ್ಲಿ ಸಮಾರಂಭ ಮಾಡಿ ನನಗೆ ಶಾಲು ಹೊದಿಸಿದರು, ಫೋಟೊ ತೆಗೆದರು. ಆಮೇಲೆ ಅವಳು ಎಲ್ಲಿ ಮಲಗುತ್ತಾಳೆ, ಏನು ಉಣ್ಣುತ್ತಾಳೆ ಎಂದು ಕೇಳಲು ಒಬ್ಬರಾದರೂ ಬಂದರೆ! ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದಳು. ಅವಳು ಸೆರಗಿಗೆ ಕಟ್ಟುವ ಕುಚ್ಚು ನೋಡಿ ಗಿರಾಕಿಗಳು ಹೆಚ್ಚಿದರು. ಕಟ್ಟಿದ್ದು ಯಾರೆಂದು ನಾನು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಗಿರಿಜೆ ದಾರ ತರಲು ಹೋಗಿದ್ದಳು. ಮದುವೆ ಹುಡುಗಿಯೊಬ್ಬಳ ರೇಷ್ಮೆ ಸೀರೆಗೆ ನಾನು ಇಸ್ತ್ರಿ ಹಾಕುತ್ತಿದ್ದೆ. ಫೋನ್ ಬಂತು. ಮಾತಾಡುತ್ತಾ ಇಸ್ತ್ರಿ ಪೆಟ್ಟಿಗೆಯನ್ನು ಸೀರೆಯ ಮೇಲೇ ಬಿಟ್ಟೆ. ಸೆರಗು ಅಂಗೈಯಗಲ ಕರಕಲಾಯಿತು. ತಪ್ಪಾಯಿತು ಎನ್ನಬಹುದಿತ್ತು... ಅನ್ನಲಿಲ್ಲ. ಸೀರೆಯನ್ನು ಮನೆಗೊಯ್ದು ಬಚ್ಚಲಿನ ಹಂಡೆಯೊಲೆಗೆ ತುರುಕಿದೆ. ಕೇಳಿದಾಗ ಏನಾದರೂ ಹೇಳಿದರಾಯಿತು ಎಂದುಕೊಂಡೆ.

ಹೆಚ್ಚೇನೂ ಹೇಳಬೇಕಾಗಿ ಬರಲಿಲ್ಲ. ಹುಡುಗಿಯ ತಾಯಿ ಬಂದರು. "ಸೀರೆ ಕಾಣ್ತಿಲ್ಲ" ಎಂದೆ. ಅಷ್ಟೇ ಸಾಕಾಯಿತು ಅವರಿಗೆ.

"ಜೈಲಿಂದ ಬಂದೋಳನ್ನ ಇಟ್ಕಂಡು ಕಾಣ್ತಿಲ್ಲ ಅಂತೀರಲ್ಲ! ಅವಳನ್ನ ಕೇಳಿ."

ಗಿರಿಜೆ ನನ್ನ ಮುಖ ನೋಡಿದಳು. "ಅಕ್ಕಾ, ನೀವಾದ್ರೂ ಹೇಳಿ."

ನಾನು ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಪೊಲೀಸರು ಅವಳನ್ನು ಠಾಣೆಗೆ ಕರೆದೊಯ್ದರು. ಸೀರೆ ಸಿಗಲಿಲ್ಲ, ಕೇಸೂ ಆಗಲಿಲ್ಲ, ಸಂಜೆ ಬಿಟ್ಟರು. ಆದರೆ ಇಲಾಖೆಯವರು ಅವಳನ್ನು ಒಂದು ಮಾತೂ ಕೇಳದೆ, ಈಗ ಕಳವಿಗಿಳಿದಿದ್ದಾಳೆ ಎಂದು ಬರೆದುಕೊಂಡು, ಕೊಟ್ಟ ಯಂತ್ರವನ್ನು ವಾಪಸು ಒಯ್ದರು. ತಿದ್ದಿಕೊಂಡು ಬಾಳಿ ಎಂದು ವೇದಿಕೆ ಮೇಲೆ ಭಾಷಣ ಬಿಗಿದವರೇ! ಬಾಳಲು ಬಿಟ್ಟರೆ ತಾನೇ? ನಾನು ಮಾತ್ರ ಏನು ಕಡಿಮೆ — ಯಂತ್ರ ಹೊರಗೆ ಸಾಗಿಸಲು ಬಾಗಿಲು ಹಿಡಿದು ನಿಂತವಳು ನಾನೇ. ಅವಳು ಬಟ್ಟೆಯ ಚೀಲ ಹಿಡಿದು ಅವತ್ತೇ ಹೊರಟುಹೋದಳು.

ಕಳೆದ ತಿಂಗಳು ತೀರ್ಥಹಳ್ಳಿಯ ಹೋಟೆಲೊಂದರ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವಳನ್ನು ಕಂಡೆ. ನಿಂತಲ್ಲೇ ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನಂಗೆ ಎಂತಕ್ಕೆ ಹೇಳ್ತೀರಿ? ನಾ ಕದ್ದಿಲ್ಲ ಅಂತ ನಂಗೆ ಗೊತ್ತಿತ್ತಲ್ಲ. ಗೊತ್ತಿಲ್ದೋರಿಗೆ ಹೇಳಿ."

ಆ ಮದುವೆ ಹುಡುಗಿಯ ತಾಯಿಗೆ ಹೇಳಿದೆ, ಬಾಗಿಲು ಹಾಕಿಕೊಂಡರು. ಇವತ್ತು ಇಲಾಖೆಯ ಕಚೇರಿಗೂ ಹೋಗಿದ್ದೆ. ಅಲ್ಲಿನ ಅಧಿಕಾರಿ ನಕ್ಕರು.

"ಹಳೇದು ಬಿಡಿ ಅಮ್ಮಾ. ಇಂಥೋರು ಅವತ್ತಲ್ದಿದ್ರೆ ಇನ್ನೊಂದಿನ ಮಾಡೇ ಮಾಡ್ತಿದ್ರು."

"ಮಾಡಿದ್ದು ನಾನು ಸಾರ್! ಜೈಲಿನ ಮುಖ ನೋಡದೋಳು!" ಎಂದು ಕೂಗಿಬಿಟ್ಟೆ.

ನಾಳೆ ಬನ್ನಿ ಎಂದರು. ಹೋಗುತ್ತೇನೆ. ಅವಳ ಹೆಸರಿನ ಮುಂದೆ ಬರೆದದ್ದನ್ನು ಹೊಡೆದುಹಾಕಿ ಅಲ್ಲಿ ನನ್ನ ಹೆಸರು ಬರೆಯುವ ತನಕ ಹೋಗುತ್ತಲೇ ಇರುತ್ತೇನೆ.