ಹೊಟ್ಟಿನ ಕೋಣೆಯ ಹೊಲಿಗೆ

ಹೊಲಿಗೆಯ ಹುಚ್ಚು ನನಗೆ ಎಂದೂ ಇರಲಿಲ್ಲ. ಹರಿದ ಲಂಗಕ್ಕೆ ತೇಪೆ ಹಾಕು ಎಂದರೂ ಮುಖ ಗಂಟಿಕ್ಕುತ್ತಿದ್ದವಳು ನಾನು. ಅಂಥವಳು ಮಸ್ಕಿಯ ನಮ್ಮ ಮನೆಯ ಹಿತ್ತಲಲ್ಲಿದ್ದ ಹೊಟ್ಟಿನ ಕೋಣೆಯನ್ನು ಹೊಲಿಗೆಯ ಕೋಣೆ ಮಾಡಿಕೊಂಡದ್ದು ಬರೀ ಹೆದರಿಕೆಯಿಂದ. ಅಲ್ಲಿ ಮಿಷನ್ನು ಕೂತರೆ ಬಾಣಂತಿ ಮಲಗುವ ಹೊರಸಿಗೆ ಜಾಗ ಉಳಿಯುವುದಿಲ್ಲ ಎಂಬುದಷ್ಟೇ ನನ್ನ ಉಪಾಯ.

ನಾನು ಆ ಮನೆಗೆ ಎರಡನೆಯ ಸಂಬಂಧವಾಗಿ ಬಂದವಳು. ನನ್ನ ಗಂಡನ ಮೊದಲ ಹೆಂಡತಿ ನಲವತ್ತೆಂಟನೇ ಇಸವಿಯಲ್ಲಿ, ಕುದುರೆಯ ಮೇಲೆ ಬಂದವರು ಊರೂರು ಲೂಟಿ ಮಾಡುತ್ತಿದ್ದ ಗದ್ದಲದ ವರ್ಷ, ಅದೇ ಕೋಣೆಯಲ್ಲಿ ಹೆರಲಾರದೆ ಸತ್ತಿದ್ದಳು. ಕೂಸೂ ಉಳಿದಿರಲಿಲ್ಲ. ಹೇಗಾಯಿತು ಎಂದು ಕೇಳಿದರೆ ಅತ್ತೆ ಎದ್ದು ಒಲೆ ಊದಲು ಹೋಗುತ್ತಿದ್ದರು, ಒಲೆ ಧಗಧಗ ಉರಿಯುತ್ತಿದ್ದರೂ. ಅವಳು ಸತ್ತ ಆರು ವರ್ಷದ ಮೇಲೆ ನಾನು ಬಸುರಾದೆ. ನನ್ನ ತವರು ಲಿಂಗಸುಗೂರು ದೂರವೇನಲ್ಲ, ಆದರೆ ಅಲ್ಲಿ ತಾಯಿಯಿರಲಿಲ್ಲ. ಹೆರಿಗೆ ಗಂಡನ ಮನೆಯಲ್ಲೇ ಎಂದಾಯಿತು.

"ಹಿತ್ತಲ ಕ್ವಾಣಿಗೆ ಸುಣ್ಣ ಹಚ್ಚಬೇಕು. ಈ ಮನಿ ಕೂಸುಗೋಳು ಎಲ್ಲಾ ಅಲ್ಲೇ ಹುಟ್ಟ್ಯಾವ," ಎಂದು ಅತ್ತೆ ನಾಲ್ಕನೇ ತಿಂಗಳಿಗೇ ಶುರುಮಾಡಿದರು.

ಆ ಕೋಣೆಯಲ್ಲಿ ಮಲಗಿದರೆ ನಾನು ಮತ್ತೆ ಏಳುವುದಿಲ್ಲ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗಂಡನ ಬೆನ್ನು ಹತ್ತಿದೆ. ಬಸುರಿ ಹುಣಸೆಕಾಯಿ ಬೇಡಬೇಕು, ಮಿಷನ್ನು ಬೇಡುವವಳನ್ನು ಎಲ್ಲಿ ಹುಡುಕಿ ತಂದೆ ಎಂದು ಅವರ ಗೆಳೆಯರು ನಕ್ಕರಂತೆ. ಆದರೂ ಸಿಂಧನೂರಿನಿಂದ ಹಳೆಯದೊಂದನ್ನು ಬಸ್ಸಿನ ಮೇಲೆ ಗೋಣಿತಟ್ಟು ಸುತ್ತಿ ಕಟ್ಟಿಸಿಕೊಂಡು ತಂದರು. ಹೊಟ್ಟು ಖಾಲಿ ಮಾಡಿಸಿದೆ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ. ಕಿಟಕಿಯಿರಲಿಲ್ಲ, ಗುಡ್ಡದ ಕಡೆಯ ಗೋಡೆಯಲ್ಲಿ ಎರಡು ಕಲ್ಲು ಕೀಳಿಸಿ ಬೆಳಕು ಮಾಡಿಕೊಂಡೆ. ಕತ್ತರಿಗೊಂದು ಮೊಳೆ, ಬಟ್ಟೆ ಹರಡಲು ಹಳೆಯ ಬಾಗಿಲಿನ ಹಲಗೆ. ಹೊರಸು ಹಾಕುತ್ತಿದ್ದ ನಟ್ಟನಡುವಿನ ಜಾಗದಲ್ಲೇ ಮಿಷನ್ನು ಕೂರಿಸಿದೆ. ಅತ್ತೆ ಹೊಸ್ತಿಲಾಚೆ ನಿಂತು ನೋಡಿದರು, ಬೈಯಲಿಲ್ಲ. ಗೆದ್ದೆ ಅಂದುಕೊಂಡೆ.

ಸಿಂಪಿಗರ ಮುದುಕಿಯೊಬ್ಬಳು ಕಲಿಸಿದಳು. ಹೆದರಿಕೆಗಿಂತ ಒಳ್ಳೆಯ ಗುರುವಿಲ್ಲ, ಬೇಗ ಕಲಿತೆ. ರವಿಕೆಗೆ ನಮ್ಮಲ್ಲಿ ಕುಬಸ ಎನ್ನುತ್ತಾರೆ, ಓಣಿಯ ಹೆಂಗಸರು ಅದನ್ನು ಹೊಲಿಸಲು ಬರತೊಡಗಿದರು. ಹಿತ್ತಲಿನುದ್ದಕ್ಕೂ ಬಾಯಿ ಮಾಡುತ್ತ ಬಂದವರು ಕೋಣೆಯೊಳಗೆ ಕಾಲಿಟ್ಟೊಡನೆ ದನಿ ತಗ್ಗಿಸುತ್ತಿದ್ದರು. ಎದುರುಮನೆಯವಳಂತೂ ಇಲ್ಲಿ ಮಾತಾಡಿದರೆ ಬಳಗಾನೂರಿನಲ್ಲಿ ಕೇಳಿಸಬೇಕು, ಅಂಥ ಗಂಟಲು. ಅವಳೂ ಒಂದು ದಿನ ಬಗ್ಗಿ ನನ್ನ ಕಿವಿಯಲ್ಲಿ, "ತೋಳು ಚೂರು ಸಡ್ಲ ಇಡು," ಎಂದಳು.

"ಯಾಕಬೇ ಪಿಸುಪಿಸು ಅಂತಿ? ಇಲ್ಲಿ ಯಾರು ಕೇಳ್ತಾರ?" ಎಂದೆ. ಅಂದ ಮೇಲೆ ತಿಳಿಯಿತು, ನಾನು ಕೇಳಿದ್ದೂ ಪಿಸುದನಿಯಲ್ಲೇ.

ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಮತ್ತೆ ಒಳಗೆ ಬರಲಿಲ್ಲ, ಕುಬಸ ನಾನೇ ಮನೆಗೆ ಮುಟ್ಟಿಸಿದೆ. ಆಮೇಲೆ ಒಬ್ಬಳೇ ಇದ್ದಾಗ ಹಾಡಿ ನೋಡಿದೆ. ಬಾವಿಕಟ್ಟೆಯಲ್ಲಿ ಸಲೀಸಾಗಿ ಬರುತ್ತಿದ್ದ ಹಾಡು ಹೊಸ್ತಿಲು ದಾಟಿದರೆ ಗಂಟಲಲ್ಲೇ ಕೂರುತ್ತಿತ್ತು. ಕೆಲವೊಮ್ಮೆ ಹೊಲಿಯುತ್ತ ಹೊಲಿಯುತ್ತ ನೋಡಿದರೆ ಸೆರಗಿನ ತುದಿ ನನ್ನ ಹಲ್ಲುಗಳ ನಡುವೆ ಇರುತ್ತಿತ್ತು. ಯಾವಾಗ ಕಚ್ಚಿಕೊಂಡೆನೋ ಗೊತ್ತಾಗುತ್ತಿರಲಿಲ್ಲ.

ಏಳನೇ ತಿಂಗಳಲ್ಲಿ ಕುಬಸದ ಕಾರ್ಯ ಬಂತು. ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಕುಬಸ ತೊಡಿಸಿ, ಆರತಿ ಮಾಡುತ್ತಾರೆ. ತವರಿನಿಂದ ಬರಬೇಕಾದ ಆ ಕುಬಸವನ್ನು ನಾನೇ ಹೊಲಿದುಕೊಳ್ಳಬೇಕಾಯಿತು. ಅತ್ತೆ ಟ್ರಂಕಿನಿಂದ ಹಳೆಯ ಕುಬಸವೊಂದನ್ನು ತೆಗೆದು ಹೊಸ್ತಿಲಾಚೆಯಿಂದಲೇ ಚಾಚಿದರು.

"ಇದರ ಅಳತಿಗೆ ಹೊಲ್ಕೊ. ನಿನ್ನ ಮದುವಿ ಕುಬಸನೂ ಇದನ್ನ ಕೊಟ್ಟೇ ಹೊಲಿಸಿದ್ದು."

ಮದುವೆಯ ಕುಬಸ ನನ್ನ ಮೈಮೇಲೆ ಗೋಣಿಚೀಲದಂತೆ ಜೋಲುತ್ತಿತ್ತು. ಆಮೇಲಿನವೂ ಹಾಗೇ. ಪಾಪ, ಸಿಂಪಿಗನನ್ನು ವರ್ಷಗಟ್ಟಲೆ ಬೈದುಕೊಂಡಿದ್ದೆ. ಟೇಪು ಹಿಡಿದು ಹಳೆಯ ಕುಬಸದ ಎದೆ, ತೋಳು, ಬೆನ್ನು ಅಳೆದೆ. ಆಮೇಲೆ ಅದೇ ಟೇಪನ್ನು ಬಸುರಿಗೆ ತುಂಬಿಕೊಂಡಿದ್ದ ನನ್ನ ಮೈಗೆ ಹಿಡಿದೆ. ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಇದು ಯಾರದ್ರೀ ಅತ್ತಿ?"

"ಆಕೀದು," ಎಂದರು ಅತ್ತೆ. "ಆಕಿ ಕುಬಸದ ಕಾರ್ಯದಾಗ ತೊಟ್ಟಿದ್ದು. ಏಳನೇ ತಿಂಗಳದಾಗ."

ಮದುವೆಯಾದಾಗಿನಿಂದ ನಾನು ತೊಟ್ಟದ್ದೆಲ್ಲ ಸತ್ತ ಬಸುರಿಯ ಅಳತೆ. ನನ್ನ ಮೈ ದಿನದಿನಕ್ಕೆ ಆ ಅಳತೆ ತುಂಬುತ್ತ ಅವಳ ಏಳನೇ ತಿಂಗಳನ್ನು ಬಂದು ಮುಟ್ಟಿತ್ತು. ಉಳಿದ ದಿನಗಳೂ ಅವಳವೇ ಇರಬೇಕು ಎನಿಸಿ ಹೊಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಬಟ್ಟೆಯನ್ನು ಬೇಕೆಂದೇ ಎರಡು ಬೆರಳು ಅಗಲ ಕತ್ತರಿಸಿದೆ. ಕಾರ್ಯದ ದಿನ ಕುಬಸ ಭುಜದಿಂದ ಜಾರಿತು. "ಊರಿಗೆಲ್ಲಾ ಹೊಲಿಯಾಕಿಗೆ ತನ್ನ ಅಳತಿ ಗೊತ್ತಿಲ್ಲ ನೋಡ್ರಿ," ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಹೆರಿಗೆ ಪಡಸಾಲೆಯಲ್ಲೇ ಆಗಬೇಕು ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದೆ. ಜೋಳದ ಸುಗ್ಗಿಯ ದಿನಗಳು, ಗಂಡಸರೆಲ್ಲ ಹೊಲದಲ್ಲಿದ್ದರು. ಮಟಮಟ ಮಧ್ಯಾಹ್ನ ಕೂಸಿನ ತಲೆಗೆ ಕುಲಾಯಿ ಹೊಲಿಯುತ್ತ ಕೂತಿದ್ದೆ. ದಿನ ತುಂಬಲು ಇನ್ನೂ ಎರಡು ವಾರವಿತ್ತು. ಸೊಂಟದಲ್ಲಿ ಛಳಕು ಹೊಡೆಯಿತು, ನೀರು ಒಡೆಯಿತು. ಏಳಲು ನೋಡಿದರೆ ಕಾಲು ನನ್ನ ಮಾತು ಕೇಳಲಿಲ್ಲ. ಮಿಷನ್ನಿನ ಕಬ್ಬಿಣದ ಕಾಲನ್ನು ಹಿಡಿದುಕೊಂಡು, ಎಲ್ಲಿ ಮಲಗಬಾರದು ಎಂದಿದ್ದೆನೋ ಅಲ್ಲೇ ನೆಲಕ್ಕೆ ಜಾರಿದೆ. ಅತ್ತೆ ಅಡುಗೆಮನೆಯಲ್ಲಿದ್ದರು, ಒಂದು ಕೂಗಿನ ದೂರ. ಆ ಕೂಗು ಬರಲಿಲ್ಲ. ಬಾಯಿ ತೆರೆಯಲು ಹೋದರೆ ಸೆರಗು ಹಲ್ಲಿನಲ್ಲಿತ್ತು.

ಮಿಷನ್ನಿನ ಸದ್ದು ನಿಂತದ್ದಕ್ಕೇ ಅವರು ಬಂದರಂತೆ. ನಾನು ಕೋಣೆ ಹೂಡಿದ ಮೇಲೆ ಅತ್ತೆ ಒಳಗೆ ಕಾಲಿಟ್ಟದ್ದು ಅದೇ ಮೊದಲು. ನನ್ನ ಬಾಯಿ ನೋಡಿದರು. ಕೂತು, ಎರಡೂ ಕೈಯಿಂದ ಸೆರಗನ್ನು ಎಳೆದು ತೆಗೆದರು. ಆಮೇಲೆ ಅವರು ಕರೆದದ್ದು ನನ್ನ ಹೆಸರನ್ನಲ್ಲ, ಅವಳ ಹೆಸರನ್ನು.

"ಚೀರು ನನ್ನವ್ವಾ, ಚೀರು! ಅವತ್ತು ಬಾಗಿಲ ಮುಂದ ಕುದುರಿ ನಿಂತಿದ್ವು, ಅದಕ್ಕ ನಾನ ನಿನ್ನ ಬಾಯಾಗ ಸೆರಗು ತುರುಕಿದ್ನಿ. ನೀ ಸದ್ದಿಲ್ಲದ ಹೋಗಿಬಿಟ್ಟಿ. ಈಗ ಯಾರೂ ಇಲ್ಲ, ಓಣಿ ಎಲ್ಲಾ ಕೇಳ್ಲಿ, ಚೀರು!"

ನಾನು ಅವಳಲ್ಲ ಎನ್ನಬಹುದಿತ್ತು. ಆದರೆ ಆ ಮುದುಕಿಯ ಮುಖ ನೋಡಿ ಅಷ್ಟು ತಿಂಗಳ ಸಿಟ್ಟೆಲ್ಲ ಇಳಿದುಹೋಯಿತು. "ಹೂಂ ಅತ್ತಿ," ಎಂದು ಅವಳಾಗಿ ಓಗೊಟ್ಟೆ. ಓಗೊಟ್ಟೊಡನೆ ದನಿ ಬಿಚ್ಚಿತು. ಚೀರಿದೆ, ಇಡೀ ಓಣಿ ಓಡಿಬರುವ ಹಾಗೆ ಚೀರಿದೆ. ಸೂಲಗಿತ್ತಿ ಬರುವುದರೊಳಗೆ ಮಗಳು ಹುಟ್ಟಿದ್ದಳು.

ಮಗಳಿಗೆ ಅವಳ ಹೆಸರನ್ನೇ ಇಟ್ಟೆವು. ಅತ್ತೆ ಇರುವತನಕ, ಹಿತ್ತಲಿನಿಂದ ಆ ಹೆಸರು ಹಿಡಿದು ಕೂಗಿದಾಗಲೆಲ್ಲ ಮಗಳಿಗಿಂತ ಮೊದಲು "ಬಂದೆನ್ರೀ" ಎನ್ನುತ್ತಿದ್ದವಳು ನಾನು. ನಿನ್ನನ್ನಲ್ಲ ಎಂದು ಅತ್ತೆ ಒಂದು ಸಲವೂ ಹೇಳಲಿಲ್ಲ.