ಎರಡು ಚಪ್ಪಾಳೆಗಳ ನಡುವೆ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಹಿಡಿದು ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಅಂಗಡಿಯಲ್ಲಿ ಅವನು ಕಾದಂಬರಿ. ಕಾದಂಬರಿ ಊಟಕ್ಕೆ ಹೋದ, ಕಾದಂಬರಿ ಇವತ್ತು ರಜ, ಈ ಗಾಜು ಕಾದಂಬರಿಗೆ ಕೊಡಿ. ಚೇಷ್ಟೆಗೆ ಹುಟ್ಟಿದ ಹೆಸರು. ಅವನಿಗೋ ಒಳಗೊಳಗೇ ಹಿಗ್ಗು.

ಇಪ್ಪತ್ತು ವರ್ಷದಲ್ಲಿ ಏಳು ಕಾದಂಬರಿ ಬರೆದಿದ್ದ. ಪ್ರಕಾಶಕರ ಮನೆಗಳಿಗೆ ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ಏಳನ್ನೂ ತಾನೇ ಅಚ್ಚು ಹಾಕಿಸಿದ. ಕರಡು ತಿದ್ದಿದವನು ಅವನೇ, ಕಟ್ಟು ಹೊತ್ತವನು ಅವನೇ, ಬೆನ್ನುಡಿಯಲ್ಲಿ ತನ್ನನ್ನು ತಾನು ಹೊಗಳಿಕೊಂಡವನೂ ಅವನೇ. ಮಾರಾಟದ ಸುದ್ದಿ ಮಾತ್ರ ಕೇಳಬೇಡಿ. ಮನೆಯ ಮಂಚದ ಕೆಳಗೆ ಪೊರಕೆ ಆಡದಷ್ಟು ಕಟ್ಟುಗಳಿದ್ದವು. ಹತ್ತಿರದ ದೃಷ್ಟಿ ಪರೀಕ್ಷೆಗೆಂದು ಗಿರಾಕಿಗಳ ಕೈಗೆ ಓದಲು ಒಂದು ಅಚ್ಚಿನ ಹಾಳೆ ಕೊಡುತ್ತಾರಲ್ಲ, ಅದರ ಜಾಗದಲ್ಲಿ ಒಮ್ಮೆ ತನ್ನ ಪುಸ್ತಕದ ಮೊದಲ ಪುಟ ಇಟ್ಟುಬಿಟ್ಟಿದ್ದ. ಜನ ನಾಲ್ಕು ಸಾಲು ಓದಿ, ಹ್ಞಾಂ ಕಾಣುತ್ತೆ ಎಂದು ಕೆಳಗಿಟ್ಟರು. ಮುಂದೇನಾಯಿತು ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ನೆಂಟರಂತೂ ಅವನು ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು, ಎಲ್ಲಿ ಕೈಗೆ ಪುಸ್ತಕ ತುರುಕುತ್ತಾನೋ ಎಂದು.

ಅವನ ಹಣೆಬರಹ ಒಂದಿಷ್ಟು ತಿರುಗಿದ್ದು ಹೆಂಡತಿಯ ದನಿಯಿಂದ. ಆಕೆ ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳಿದವಳು. ಬಸ್ಸು ಎರಡು ಗಂಟೆ ತಡ ಎನ್ನುವುದನ್ನೂ ಜನ ಬೈಯದೆ ಕೇಳುವ ಹಾಗೆ ಹೇಳುತ್ತಿದ್ದಳು. ಕೇಳುವ ಪುಸ್ತಕಗಳ ಕಾಲ ಬಂದಾಗ ಕಾದಂಬರಿ ಮೊದಲ ಪುಸ್ತಕವನ್ನು ತಾನೇ ಓದಿ ಇಂಟರ್ನೆಟ್ಟಿಗೆ ಏರಿಸಿದ. ಕರೆಂಟ್ ಬಿಲ್ಲು ಓದಿದ ಹಾಗಿದೆ ಎಂದು ಒಬ್ಬ ಕೇಳುಗ ಬರೆದ. ಬೇರೆ ಯಾರೂ ಏನೂ ಬರೆಯಲಿಲ್ಲ. ಎರಡನೆಯದನ್ನು ಹೆಂಡತಿಯಿಂದ ಓದಿಸಿದ. ಆಗ ಬಂದರು ನೋಡಿ ಜನ. ಗುರುತಿಲ್ಲದವರು, ಬಸ್ ಓಡಿಸುವವರು, ಕಣ್ಣು ಕಾಣದವರು, ಮಗು ಮಲಗಿಸುವ ಹೆಂಗಸರು. ಬರೆದವರೆಲ್ಲ ಹೊಗಳಿದ್ದು ದನಿಯನ್ನೇ. ಕತೆಯ ಮಾತು ಎತ್ತಿದವರು ಕಡಿಮೆ. ಅದನ್ನೂ ಅವನು ಹೊಟ್ಟೆಗೆ ಹಾಕಿಕೊಂಡ.

ಆ ಮನೆಯಲ್ಲಿ ಒಂದು ಗಾಯವೂ ಇತ್ತು. ಎರಡು ವರ್ಷದ ಹಿಂದೆ ಮಗಳು ಚೀಲ ಹಿಡಿದುಕೊಂಡು ಬಂದು, ಇನ್ನು ಗಂಡನ ಜೊತೆ ನನ್ನಿಂದಾಗದು ಎಂದಿದ್ದಳು. ತಾಯಿ ಬಾಗಿಲಲ್ಲೇ ನಿಂತು, ಎಲ್ಲರ ಮನೆಯಲ್ಲೂ ಇರೋದೇ, ಹೊಂದಿಕೊಂಡು ಹೋಗು ಎಂದು ಬಂದ ಕಾಲಲ್ಲೇ ತಿರುಗಿ ಕಳಿಸಿದಳು. ಅಷ್ಟು ಹೊತ್ತೂ ಅಪ್ಪ ಎನಿಸಿಕೊಂಡವನು ಒಳಕೋಣೆಯಲ್ಲಿ ಕರಡು ತಿದ್ದುತ್ತಿದ್ದ. ಕೇಳಿಸಲಿಲ್ಲವೇ? ಕೇಳಿಸಿತ್ತು. ಆ ಪುಟ ಮುಗಿಸಿ ಎದ್ದು ಬರುವಷ್ಟರಲ್ಲಿ ಬಾಗಿಲು ಹಾಕಿತ್ತು. ಮಗಳು ಗಂಡನ ಮನೆಗೂ ಹೋಗಲಿಲ್ಲ, ತವರಿಗೂ ಮತ್ತೆ ಬರಲಿಲ್ಲ. ಬೇರೆ ಊರಲ್ಲಿ ಕೋಣೆ ಹಿಡಿದು ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕೆ ಸೇರಿಕೊಂಡಳು. ವಾರಕ್ಕೊಮ್ಮೆ ಅಪ್ಪನ ಅಂಗಡಿಗೆ ಫೋನು ಮಾಡುವಳು. ಅಮ್ಮನ ಮಾತು ಬಂದರೆ ಇಟ್ಟುಬಿಡುವಳು. ತಾನು ಮಾಡಿದ್ದು ತಪ್ಪೆಂದು ತಾಯಿಗೆ ಆ ವಾರವೇ ಗೊತ್ತಾಗಿತ್ತು. ಹೇಳಲು ಬಾಯಿ ಬರಲಿಲ್ಲ. ಊರಿಗೆಲ್ಲ ಬಸ್ಸಿನ ಹೊತ್ತು ಹೇಳಿದವಳು ಸ್ವಂತ ಮಗಳಿಗೆ ಎರಡು ಮಾತು ಹೇಳಲಾರದೆ ಹೋದಳು.

ಕಾದಂಬರಿ ಏನು ಮಾಡಿದ? ಎಂಟನೆಯ ಕಾದಂಬರಿ ಬರೆದ. ಮನೆ ಬಿಟ್ಟು ಬಂದ ಮಗಳು, ಬಾಗಿಲಲ್ಲಿ ನಿಂತ ತಾಯಿ. ತನ್ನ ಮನೆಯ ಹುಣ್ಣನ್ನೇ ಕೆರೆದು ಕತೆ ಮಾಡಿದ್ದು ಸಾಲದೆಂದು, ರುಚಿ ಹೆಚ್ಚಲಿ ಎಂದು ಖಾರವನ್ನೂ ಅರೆದ. ಹದಿನೆಂಟನೇ ಅಧ್ಯಾಯದಲ್ಲಿ ಆ ತಾಯಿಯ ಬಾಯಿಂದ, 'ಈ ಬಾಗಿಲು ನಿನ್ನ ಪಾಲಿಗೆ ಮುಚ್ಚಿತು, ನಾನು ಮಗಳನ್ನೇ ಹೆತ್ತಿಲ್ಲ' ಎಂದು ಹೇಳಿಸಿದ. ಆಕೆ ನಿಜವಾಗಿ ಹಾಗೆ ಅಂದಿರಲೇ ಇಲ್ಲ.

ಪುಸ್ತಕ ಮುಗಿಯುವುದಕ್ಕೂ ಹೆಂಡತಿಯ ಗಂಟಲಲ್ಲಿ ಗಂಟು ಕಾಣುವುದಕ್ಕೂ ಸರಿಹೋಯಿತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಮೂರು ವಾರದ ಆಚೆಗೆ ದಿನ ಗೊತ್ತು ಮಾಡಿದರು. ಯಾರಿಗೆ ಏನು ಹೇಳುವುದಿದ್ದರೂ ಅಷ್ಟರೊಳಗೆ ಹೇಳಿ ಮುಗಿಸಿ ಎಂದು ಅವರು ಮೆಲ್ಲಗೆ ಹೇಳಿದರು. ಅಂಥ ಮಾತು ಕೇಳಿದ ಮೇಲೆ ಗಂಡನಾದವನು ಹೆಂಡತಿಯ ಪಕ್ಕದಲ್ಲಿ ಕೂತು ಅವಳು ಆಡಿದ್ದನ್ನೆಲ್ಲ ಕೇಳಬೇಕೋ ಬೇಡವೋ? ಇವನು ಎರಡು ದಿನ ಹಿಂದೆ ಮುಂದೆ ಸುಳಿದಾಡಿ, ಮೂರನೆಯ ದಿನ ಹಸ್ತಪ್ರತಿ ಹಿಡಿದುಕೊಂಡು ನಿಂತ. ನಾಚಿಕೆಯಾಗಿತ್ತು. ಆದರೂ ಕೇಳಿದ.

ಆಕೆ ಕೈ ಚಾಚಿದಳು.

"ಕೊಡಿ, ಓದ್ತೀನಿ. ಸುಮ್ನೆ ಕೂತ್ಕೊಂಡು ಹೆದರೋದಕ್ಕಿಂತ ವಾಸಿ."

ಓದುವ ಜಾಗವೆಂದರೆ ಗೋಡೆಯಲ್ಲಿನ ಬಟ್ಟೆ ಬೀರು. ಒಳಗಿನ ಹಲಗೆ ಕಿತ್ತು, ಸುತ್ತ ಕಂಬಳಿ ಹೊಡೆದು, ಒಂದು ಮೋಟು ಸ್ಟೂಲು ಹಾಕಿದ್ದ. ಮೇಲಿನ ಮನೆಯವರ ಹೊಲಿಗೆ ಮಷಿನ್ ನಿಂತಾಗ ಆಕೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಓದುವಳು. ಅವನು ಆ ಹೊತ್ತಿಗೆ ಅಂಗಡಿಯಲ್ಲಿ. ಹಿಂದಿನ ಪುಸ್ತಕಗಳಿಂದ ಅವರಿಬ್ಬರ ನಡುವೆ ಒಂದು ಕ್ರಮ ಬೆಳೆದಿತ್ತು. ಓದುವಾಗ ತಪ್ಪಿದರೆ, ಕೆಮ್ಮು ಬಂದರೆ, ಆಕೆ ಒಂದು ಚಪ್ಪಾಳೆ ಹೊಡೆಯಬೇಕು. ಸುಧಾರಿಸಿಕೊಂಡು ಮತ್ತೆ ಶುರು ಮಾಡುವಾಗ ಇನ್ನೊಂದು. ಕಂಪ್ಯೂಟರಿನ ಪರದೆಯ ಮೇಲೆ ದನಿ ಅಲೆಅಲೆಯಾಗಿ ಕಾಣುತ್ತದೆ. ಅದರಲ್ಲಿ ಚಪ್ಪಾಳೆ ನೆಟ್ಟ ಮೊಳೆಯ ಹಾಗೆ ಎದ್ದು ನಿಲ್ಲುತ್ತದೆ. ಎರಡು ಮೊಳೆಗಳ ನಡುವಿನದೆಲ್ಲ ಕಸ. ಕೇಳುವ ಗೋಜೇ ಇಲ್ಲ, ಕಣ್ಣಲ್ಲಿ ನೋಡಿ ಕತ್ತರಿಸಿದರಾಯಿತು. ಈ ಉಪಾಯ ತನ್ನದೆಂದು ಅವನಿಗೆ ಬಲು ಜಂಬವಿತ್ತು.

ದಿನಕ್ಕೆ ಒಂದು ಗಂಟೆಯ ಮೇಲೆ ದನಿ ಏಳುತ್ತಿರಲಿಲ್ಲ. ಬಿಸಿನೀರು ಕುಡಿದು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಆಕೆ ಹಟ ಹಿಡಿದು ಓದಿದಳು. ಯಾರ ಮನೆಯ ಕತೆಯೆಂದು ಎರಡನೇ ಅಧ್ಯಾಯಕ್ಕೇ ತಿಳಿದಿತ್ತು. ಆದರೂ ಓದುತ್ತ ಹೋದಳು. ಹದಿನೆಂಟನೆಯದನ್ನು ಓದಿದ ದಿನ ಮಾತ್ರ ಬೀರುವಿನಿಂದ ಹೊರಬಂದವಳ ಕಣ್ಣು ಕೆಂಪಗಿತ್ತು. ಧೂಳಿರಬೇಕು ಎಂದುಕೊಂಡ ಮಹಾಶಯ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಆಕೆಯ ದನಿ ಪಿಸುಮಾತಿಗೆ ಇಳಿದಿತ್ತು. ಆಟೋದಲ್ಲಿ ಅವನ ತೋಳು ಹಿಡಿದು, "ಹದಿನೆಂಟರ ಕೊನೇಲಿ ಚಪ್ಪಾಳೆ ಹೊಡ್ದಿದ್ದೀನಿ. ಅದನ್ನ ನೋಡ್ಕೊಳ್ಳಿ, ಮರೀಬೇಡಿ" ಎಂದಳು. ನೋಡ್ಕೋತೀನಿ, ನೀನು ಮಾತಾಡ್ಬೇಡ ಎಂದ. ಅವನಿಗೆ ಇಷ್ಟೇ ಅರ್ಥವಾದದ್ದು: ಅಲ್ಲೊಂದು ತಪ್ಪಿದೆ, ತೆಗೆಯಬೇಕು. ಆಟೋದವನು ಮುಂದೆ ಕೂತಿದ್ದನಲ್ಲ, ಆಕೆಯೂ ಹೆಚ್ಚು ಬಿಡಿಸಿ ಹೇಳಲಿಲ್ಲ.

ಶಸ್ತ್ರಚಿಕಿತ್ಸೆ ಮುಗಿಯಿತು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು ಮಾಡಿದರು. ಅಪ್ಪ ಗೋಗರೆದ ಮೇಲೆ ಮಗಳು ಒಂದು ಮಧ್ಯಾಹ್ನದ ಮಟ್ಟಿಗೆ ಬಂದು ಹಾಸಿಗೆಯ ಕಾಲ ಬಳಿ ನಿಂತಳು. ತಾಯಿ ಸ್ಲೇಟು ತರಿಸಿ ಬರೆದಳು: 'ಅಪ್ಪ ಕೊಡ್ತಾರೆ. ಕೇಳು.' ಮಗಳು ತಲೆಯಾಡಿಸಿ ಹೋದಳು. ಪಕ್ಕದಲ್ಲೇ ಇದ್ದ ಕಾದಂಬರಿಗೆ ಎದೆ ತುಂಬಿ ಬಂತು. ಇಂಥ ಸ್ಥಿತಿಯಲ್ಲೂ ನನ್ನ ಪುಸ್ತಕದ ಪ್ರಚಾರ ಮಾಡುತ್ತಾಳಲ್ಲ ಎಂದು.

ಆಮೇಲಿನ ದಿನಗಳಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಗರಗರದ ನಡುವೆ ಕೂತು ಚಪ್ಪಾಳೆಗಳನ್ನು ಹುಡುಕಿ ಹುಡುಕಿ ಕತ್ತರಿಸಿದ. ಮುನ್ನೂರಕ್ಕೂ ಮೇಲಿದ್ದವು. ಹದಿನೆಂಟರ ಕೊನೆಯಲ್ಲಿ ಎರಡು ಮೊಳೆಗಳ ನಡುವೆ ಒಂಬತ್ತು ನಿಮಿಷದ ಅಲೆ ಸಿಕ್ಕಿತು. ಪಾಪ, ಎಷ್ಟು ತಡವರಿಸಿದ್ದಾಳೆ ಎಂದು ಮರುಗಿ, ಅದನ್ನೂ ಕತ್ತರಿಸಿದ. ಕೇಳುವ ಪುಸ್ತಕದ ಕಂಪನಿಯವರು ಒಪ್ಪಿಕೊಂಡ ದಿನ, ಪ್ರಚಾರದ ವಿಡಿಯೋ ಮಾಡಲು ಜಾಗ ಸಾಲದೆಂದು ಹಳೆಯ ಮೂಲ ಧ್ವನಿಮುದ್ರಣವನ್ನೆಲ್ಲ ಅಳಿಸಿಯೂ ಬಿಟ್ಟ.

ಪುಸ್ತಕ ಹೊರಬಂದ ದಿನವೇ ಮಗಳಿಗೂ ಕಳಿಸಿಕೊಟ್ಟ. ಅದು ಗೆದ್ದಿತು. ಕರ್ಮ ನೋಡಿ, ಅವನ ಎಂಟರಲ್ಲಿ ಗೆದ್ದಿದ್ದು ಇದೊಂದೇ. ಆ ಕಟುಕ ತಾಯಿಯ ಪಾತ್ರಕ್ಕೆ ಎಂಥ ಒರಟು ದನಿ, ಎಂಥ ನಟನೆ ಎಂದು ಜನ ಬರೆದರು. ಹದಿನೆಂಟನೇ ಅಧ್ಯಾಯದ ಆ ಬಾಗಿಲ ಮಾತನ್ನೇ ಅವನು ಚಿಕ್ಕ ತುಣುಕು ಮಾಡಿ ಕಂಡಕಂಡವರಿಗೆ ಕಳಿಸಿದ. ಅಂಗಡಿಯ ಯಜಮಾನರು ಗಿರಾಕಿಗಳಿಗೆ ಕೇಳಿಸಿದರು. ಮನೆಯಲ್ಲಿ ಆಕೆ ಕಿಟಕಿಯ ಬಳಿ ಕೂತು ದಿನ ಎಣಿಸುತ್ತಿದ್ದಳು. ಮಗಳಿಂದ ಒಂದು ಸಾಲು ಬಂದೀತು, ಒಂದು ಫೋನು ಬಂದೀತು ಎಂದು. ಎರಡು ತಿಂಗಳು ಏನೂ ಬರಲಿಲ್ಲ; ಅಪ್ಪನ ಅಂಗಡಿಗೆ ಬರುವ ವಾರದ ಫೋನಿನಲ್ಲೂ ಆ ಮಾತಿಲ್ಲ. ಕೇಳಿಯೂ ಸುಮ್ಮನಿದ್ದಾಳೆ, ಇದೇ ಅವಳ ಉತ್ತರ ಎಂದು ತಿಳಿದು ಊಟ ಕಡಿಮೆ ಮಾಡಿದಳು. ಔಷಧಿಯ ಕಹಿಗೆ ಹಾಗಾಗುತ್ತದೆ ಎಂದರು ಗಾಯದ ಪಟ್ಟಿ ಬದಲಿಸಲು ಮನೆಗೆ ಬರುತ್ತಿದ್ದ ನರ್ಸಮ್ಮ.

ಒಂದು ಸೋಮವಾರ ಅಂಗಡಿಗೆ ಮಗಳ ಫೋನು ಬಂತು.

"ಪೂರ್ತಿ ಕೇಳ್ದೆ ಅಪ್ಪಾ. ಹನ್ನೊಂದು ಗಂಟೆ. ಅಷ್ಟು ಹುಷಾರಿಲ್ದೆ ಮಲಗಿರೋವಾಗ ಕೇಳು ಅಂದ್ಳಲ್ಲ, ಏನೋ ಇರುತ್ತೆ ಅಂತ. ನಾನು ಮಗಳನ್ನೇ ಹೆತ್ತಿಲ್ಲ ಅಂತಾಳೆ. ಅದನ್ನ ಕೇಳ್ಲಿ ಅಂತಾನೇ ಬರೆದು ತೋರ್ಸಿದ್ಳಾ?"

ಅದು ಕತೆ ಕಣಮ್ಮ, ನಾನು ಬರೆದದ್ದು ಎಂದು ಇವನು ತೊದಲಿದ. ಬರೆದದ್ದು ನೀನೇ ಇರಬಹುದು, ದನಿ ಅವಳದ್ದು ಎಂದು ಹೇಳಿ ಮಗಳು ಇಟ್ಟಳು.

ಅವನು ಅರ್ಧ ದಿನ ರಜ ಹಾಕಿ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ನೀನು ಅವಳಿಗೆ ಕೇಳು ಅಂದಿದ್ದು ಏನನ್ನ ಎಂದು ಕೇಳಿದ. ಆಕೆ ಸ್ಲೇಟು ಎಳೆದುಕೊಂಡು ಬರೆದಳು: 'ಚಪ್ಪಾಳೆ ನಡುವೆ ಇದ್ದದ್ದು. ಅವಳಿಗೆ ಅಂತ ಹೇಳಿದ್ದೆ. ನಿಮಗೆ ಸುಲಭವಾಗಿ ಸಿಗಲಿ ಅಂತ ಚಪ್ಪಾಳೆ ಹೊಡೆದೆ.'

ಅದನ್ನು ಕೇಳಿಸಿಕೊಳ್ಳದೆ ಕತ್ತರಿಸಿ ಅಳಿಸಿದೆ ಎಂದು ಅವನು ಹೇಳಲೇಬೇಕಾಯಿತು, ಹೇಳಿದ. ಕಂಪ್ಯೂಟರು ರಿಪೇರಿ ಮಾಡುವವನ ಬಳಿ ಓಡಿದ. ಅವನು ನಾಲ್ಕು ದಿನ ಇಟ್ಟುಕೊಂಡು ಯಾವ್ಯಾವುದೋ ಹಳೆಯ ಮುಖಪುಟಗಳನ್ನು ಹೊರತೆಗೆದುಕೊಟ್ಟ. ಆ ಒಂಬತ್ತು ನಿಮಿಷ ಇದ್ದ ಜಾಗದಲ್ಲಿ ಇವನದೇ ಪ್ರಚಾರದ ವಿಡಿಯೋ ಕೂತಿತ್ತು. ಏನು ಹೇಳಿದ್ದೆ, ಬರೆದುಕೊಡು, ಕಳಿಸೋಣ ಎಂದು ಹೆಂಡತಿಯ ದುಂಬಾಲು ಬಿದ್ದ. ಆಕೆ ಬರೆದಳು: 'ಬರೆಯೋ ಮಾತಾಗಿದ್ದರೆ ಎರಡು ವರ್ಷದ ಹಿಂದೆಯೇ ಬರೆದು ಕಳಿಸ್ತಿದ್ದೆ.' ಆಮೇಲೆ ಅದನ್ನೂ ಒರೆಸಿದಳು. ಆ ಮನುಷ್ಯನ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ, ಆ ಹೊತ್ತಿನ ಅವನ ಮುಖ ನೆನೆದರೆ ಪಾಪ ಎನಿಸುತ್ತದೆ.

ಭಾನುವಾರ ಬೆಳಿಗ್ಗೆ ಅವನು ಹೆಂಡತಿಯ ಎದುರಿಗೇ ಕೂತು, ಆಕೆಗೂ ಕೇಳಿಸುವ ಹಾಗೆ ಇಟ್ಟು, ಮಗಳಿಗೆ ಫೋನು ಮಾಡಿದ. ಒಂದನ್ನೂ ಮುಚ್ಚಿಡಲಿಲ್ಲ. ಬೀರು, ಚಪ್ಪಾಳೆ, ಒಂಬತ್ತು ನಿಮಿಷ, ತಾನು ಕೇಳಿಸಿಕೊಳ್ಳದೆ ಕತ್ತರಿಸಿದ್ದು, ಎಲ್ಲ ಹೇಳಿದ.

"ಚೆನ್ನಾಗಿ ಕಟ್ಟಿದ್ದೀಯ ಅಪ್ಪಾ" ಎಂದಳು ಮಗಳು. "ನಿನ್ನ ಎಲ್ಲಾ ಪುಸ್ತಕಕ್ಕಿಂತ ಇದೇ ಚೆನ್ನಾಗಿದೆ. ಅಮ್ಮನ ಕೈಲಿ ಬರೆಸಿ ಗಿರೆಸಿ ಕಳಿಸ್ಬೇಡ. ನಿನ್ನ ವಾಕ್ಯ ನಂಗೆ ಗೊತ್ತಾಗುತ್ತೆ."

ಕತೆಯಲ್ಲ ಕಣಮ್ಮ, ಆಣೆ ಮಾಡಿ ಹೇಳ್ತೀನಿ ಎಂದು ಅವನು ಅಳತೊಡಗಿದ. ಹೆಂಡತಿ ಎದ್ದು ಬಂದು ಅವನ ಕೈಯಿಂದ ಫೋನು ಕಿತ್ತುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡಳು. ತುಟಿಗಳು ಆಡಿದವು, ಕುತ್ತಿಗೆಯ ನರ ಉಬ್ಬಿತು, ಕತ್ತಿನ ತೂತಿನಿಂದ ಬುಸಬುಸ ಗಾಳಿ ಬಂತು. ಆಕೆ ನಿಲ್ಲಿಸಲಿಲ್ಲ, ಹೇಳುತ್ತಲೇ ಇದ್ದಳು. ಹಲೋ, ಹಲೋ, ಏನೂ ಕೇಳಿಸ್ತಿಲ್ಲ, ಬರೀ ಗಾಳಿ ಎಂದು ಆ ಕಡೆಯಿಂದ ಮಗಳು ಎರಡು ಸಲ ಹೇಳಿ ಫೋನು ಇಟ್ಟಳು.